ಬಿಸಿಲಿಗೆ ಒಯ್ದವರು

ಮುರಿಗೆವ್ವ ಕೆಲಸ ಮಾಡುವ ಆಸ್ಪತ್ರೆಗೆ ಆರು ಅಂತಸ್ತು. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ, ಪಕ್ಕದಲ್ಲೇ ಡೀಸೆಲ್ ಉರಿಸುವ ಬಾಯ್ಲರ್. ಚಾದರುಗಳನ್ನು ಯಂತ್ರ ಒಗೆಯುತ್ತಿತ್ತು, ಬಾಯ್ಲರಿನ ಹಬೆ ಒಣಗಿಸುತ್ತಿತ್ತು. ತುಂಬುವುದು, ತೆಗೆಯುವುದು, ಮಡಿಚುವುದು ಮುರಿಗೆವ್ವನದು ಮತ್ತು ಜೊತೆಗಾರ್ತಿ ಅಬೀದಾಳದು. ಎಲ್ಲಾ ಯಂತ್ರವೇ ಮಾಡುವಾಗ ನಿನಗೇನು ಕೆಲಸ ಎಂದು ಗಂಡ ಬಸವಪ್ರಭು ಆಗಾಗ ಕೇಳುವುದಿತ್ತು. ದುರ್ಗದಬೈಲಿನ ಕಾಳಿನ ಅಂಗಡಿಯಲ್ಲಿ ದಿನವಿಡೀ ಚೀಲ ಎತ್ತಿ ಬಂದ ಅವನಿಗೆ ಮನೆಯಲ್ಲಿ ನೀರಿನ ತಂಬಿಗೆಯೂ ಭಾರ. ನಳ ಬಂದ ದಿನ ಗೋಪನಕೊಪ್ಪದ ಅವರ ಮನೆಯ ಅಂಗಳದಿಂದ ಕೊಡ ಹೊತ್ತು ಒಳಗೆ ಸಾಗಿಸುವವಳು ಇವಳೇ. ಆಮೇಲೆ ರೊಟ್ಟಿ ಬಡಿಯುವವಳೂ ಇವಳೇ.

ಹೋದ ವರ್ಷ ಆಸ್ಪತ್ರೆಗೆ ಸೌಂದರ್ಯಾ ಎಂಬ ಎಂಜಿನಿಯರ್ ಬಂದಳು. ದೊಡ್ಡ ಕಟ್ಟಡಗಳು ಉಗುಳುವ ಅನಿಲದಿಂದಲೂ ಭೂಮಿ ಬಿಸಿಯಾಗುತ್ತಿದೆ, ನಮ್ಮ ಕಟ್ಟಡದ್ದನ್ನಾದರೂ ಕಡಿಮೆ ಮಾಡೋಣ ಎಂದು ಎಲ್ಲರನ್ನೂ ಕೂಡಿಸಿ ಹೇಳಿದಳು. ಮಳೆಗಾಲ ಬಿಟ್ಟರೆ ಇನ್ನು ಬಟ್ಟೆ ಒಣಗಿಸಲು ಬಾಯ್ಲರ್ ಹಚ್ಚುವಂತಿಲ್ಲ, ಮಾಳಿಗೆಯ ಮೇಲೆ ಬಿಸಿಲಿದೆ ಎಂದಳು. ಕರೆಂಟು ಉಳಿಸಲು ಲಿಫ್ಟಿನ ಮುಂದೆಯೂ ಫಲಕ ಬಂತು: ರೋಗಿಗಳಿಗೆ ಮಾತ್ರ.

ಮುರಿಗೆವ್ವನಿಗೆ ಬಿಸಿಲು ಹಿಡಿಸಿತು. ನೆಲಮಾಳಿಗೆಯ ಕಾವಿನಲ್ಲಿ ಬೇಯುತ್ತಿದ್ದವಳಿಗೆ ಮಾಳಿಗೆಯ ಗಾಳಿ ಹೊಸ ಜೀವ ಕೊಟ್ಟಿತು. ಬಾಯ್ಲರಿನ ಚಿಮಣಿ ಸುಮ್ಮನಿತ್ತು, ಅವಳ ಹಳೆಯ ಕೆಮ್ಮೂ ಕಡಿಮೆಯಾಯಿತು. ಆ ಹುಡುಗಿಗೆ ದೇವರು ಒಳ್ಳೆಯದು ಮಾಡಲಿ ಎಂದು ಮನಸಾರೆ ಹರಸಿದಳು. ಆದರೆ ಹಸಿ ಚಾದರಿನ ಗಂಟು ಹೊತ್ತು ಆರು ಅಂತಸ್ತು ಹತ್ತುವ ಕೆಲಸ ಅವಳ ಬಲ ಹೆಗಲನ್ನು ತಿಂದಿತು. ಸಂಕ್ರಮಣದ ಹೊತ್ತಿಗೆ ಕೈ ತಲೆಯ ಮೇಲಕ್ಕೆ ಏಳದಾಯಿತು.

ಹೇಳುವಂತಿರಲಿಲ್ಲ. ಅವಳದು ಗುತ್ತಿಗೆಯ ಕೆಲಸ. ಆಗದವರು ಆಗುವುದಿಲ್ಲ ಎಂದು ಹೇಳಿ ಮನೆಗೆ ಹೋಗಬಹುದು, ಬರುವವರು ಬೇಕಾದಷ್ಟು ಜನ ಇದ್ದಾರೆ ಎಂದು ಮೇಲ್ವಿಚಾರಕ ಹುಲಗಪ್ಪ ಮೊದಲೇ ಹೇಳಿಬಿಟ್ಟಿದ್ದ. ಅಬೀದಾ ಏನೂ ಕೇಳದೆ ಮುರಿಗೆವ್ವನ ಗಂಟನ್ನೂ ತಾನೇ ಹೊರತೊಡಗಿದಳು. ಮುರಿಗೆವ್ವ ಮೇಲೆ ನಿಂತು ಎಡಗೈಯಿಂದ ಹರವುವಳು, ಮಡಿಚುವಳು. ಎರಡು ಹೆಗಲಿನ ಕೆಲಸವನ್ನು ಒಂದೇ ಹೆಗಲು ಮಾಡುತ್ತಿರುವುದು ಯಾರ ಕಣ್ಣಿಗೂ ಬೀಳಲಿಲ್ಲ.

ಮುರಿಗೆವ್ವ ಒಕ್ಕಲುತನದ ಮನೆಯಲ್ಲಿ ಬೆಳೆದವಳು. ಅಲ್ಲಿ ಹೆಂಗಸರು ಮುಯ್ಯಿ ಆಳಾಗಿ ಹೋಗುವುದಿತ್ತು: ಇವತ್ತು ನೀನು ನನ್ನ ಹೊಲದಲ್ಲಿ ಕಳೆ ತೆಗೆದರೆ, ನಾಳೆ ನಾನು ನಿನ್ನ ಹೊಲದಲ್ಲಿ. ಕೂಲಿಯ ಮಾತೇ ಇಲ್ಲ, ದುಡಿಮೆಗೆ ದುಡಿಮೆ. ಅಬೀದಾ ಹೊತ್ತದ್ದೆಲ್ಲ ಅವಳ ಮಟ್ಟಿಗೆ ಮುಯ್ಯಿಯೇ. ಹಿಂತಿರುಗಿಸುವುದು ಹೇಗೆಂದು ಕೊರಗುತ್ತಿದ್ದಳು.

ಅಷ್ಟರಲ್ಲಿ ರಂಜಾನ್ ಬಂತು. ಹನಿ ನೀರೂ ಕುಡಿಯದೆ ಅಬೀದಾ ಮೆಟ್ಟಿಲು ಹತ್ತುವುದನ್ನು ಮುರಿಗೆವ್ವನಿಂದ ನೋಡಲಾಗಲಿಲ್ಲ.

"ನಿನ್ನ ರೋಜಾ ಮುಗಿಯೂತನಕ ಗಂಟು ನಾ ಹೊರ್ತೇನಿ," ಎಂದಳು.

"ಹುಚ್ಚಿದ್ದೀರೇನ್ರಿ ಅಕ್ಕಾರ? ಕೈಲೆ ಹೆರಳ ಹಾಕ್ಕೊಳ್ಳಾಕ ಬರವಲ್ದು ನಿಮಗ."

"ಮುಯ್ಯಿ ತೀರಸದಾಕೀನ್ನ ನಮ್ಮ ಕಡೆ ಯಾರೂ ಹೊಲಕ್ಕ ಕರಿಯೂದಿಲ್ಲವ್ವಾ."

ಅಬೀದಾ ಯಂತ್ರದಿಂದ ಬಟ್ಟೆ ತೆಗೆಯಲು ತಿರುಗಿದ್ದೇ ತಡ, ಮುರಿಗೆವ್ವ ಗಂಟನ್ನು ಎಡ ಹೆಗಲಿಗೆ ಏರಿಸಿಕೊಂಡು ಹೊರಟೇಬಿಟ್ಟಳು. ನಾಲ್ಕನೆಯ ಅಂತಸ್ತಿನ ತಿರುವಿನಲ್ಲಿ ಗಂಟು ಜಾರಿತು. ತಡೆಯಲು ಬಲಗೈ ಚಾಚಿದಳು. ಹೆಗಲಲ್ಲಿ ಬೆಂಕಿ ಎದ್ದಂತಾಗಿ ಅಲ್ಲೇ ಕುಸಿದಳು. ಗಂಟು ಬಿಚ್ಚಿ ಚಾದರುಗಳು ಮೆಟ್ಟಿಲ ಮೇಲೆಲ್ಲ ಹರಡಿದವು. ಮೇಲಿನಿಂದ ಇಳಿದು ಬರುತ್ತಿದ್ದ ಸೌಂದರ್ಯಾ ನಿಂತಳು. ಕೆಳಗಿನಿಂದ ಹುಲಗಪ್ಪ ಓಡಿ ಬಂದ, ಅವನ ಹಿಂದೆ ಅಬೀದಾ.

ಕೆಲಸ ಹೋಯಿತು ಎಂದುಕೊಂಡಳು ಮುರಿಗೆವ್ವ. ಅಬೀದಾಳೇ ಎಲ್ಲವನ್ನೂ ಹೇಳಿದಳು. ಹೆಗಲು ಕೆಟ್ಟಿದ್ದು, ತಾನು ಹೊರುತ್ತಿದ್ದುದು, ಇಷ್ಟು ದಿನ ಒಂದೂ ಚಾದರು ಕಡಿಮೆ ಬೀಳದ್ದು. ಇವರನ್ನು ತೆಗೆಯುವುದಾದರೆ ತನ್ನನ್ನೂ ತೆಗೆಯಿರಿ ಎಂದಳು.

ಸೌಂದರ್ಯಾ ಬಾಗಿ ಚಾದರುಗಳನ್ನು ಬಾಚಿ ಗಂಟು ಕಟ್ಟಿದಳು. ಎತ್ತಲು ನೋಡಿದಳು, ಮತ್ತೆ ಕೆಳಗಿಟ್ಟಳು.

"ಒಣಗಸೂದು ಬಿಸಲಿನ ಕೆಲಸ ಅಂತ ಲೆಕ್ಕದಾಗ ಬರದಿದ್ದೆ," ಎಂದಳು ಮೆಲ್ಲಗೆ. "ಬಿಸಲಿನ ತನಕ ಒಯ್ಯೂದು ಯಾರ ಕೆಲಸ ಅಂತ ನಾ ಬರದಿರಲಿಲ್ಲ."

ಲಿಫ್ಟ್ ಕೊಟ್ಟರೆ ಉಳಿಸಿದ ಲೆಕ್ಕವೆಲ್ಲ ಕೆಡುತ್ತದೆ ಎಂದು ಹುಲಗಪ್ಪ ನೆನಪಿಸಿದ.

"ಬಾಯ್ಲರಿನ ಮುಂದ ಲಿಫ್ಟಿನ ಕರೆಂಟು ಎಷ್ಟರದ್ರಿ? ಇಷ್ಟು ದಿನ ಡೀಸೆಲ್ ಪುಕ್ಕಟ ಉಳಿದಿಲ್ಲ. ಇವರ ಹೆಗಲ ಖರ್ಚು ಮಾಡಿ ಉಳಿಸೇವಿ," ಎಂದಳು ಸೌಂದರ್ಯಾ.

ಮರುದಿನದಿಂದ ರೋಗಿಗಳ ಗದ್ದಲ ಶುರುವಾಗುವ ಮೊದಲು ಬಟ್ಟೆಯ ಗಾಡಿ ಲಿಫ್ಟಿನಲ್ಲಿ ಮೇಲೆ ಹೋಗತೊಡಗಿತು. ಒಣಹಾಕುವ ಹಗ್ಗಗಳು ಎದೆಯ ಮಟ್ಟಕ್ಕೆ ಇಳಿದವು. ಮುರಿಗೆವ್ವನ ಕೆಲಸ ಉಳಿಯಿತು. ಹೆಗಲು ತೋರಿಸಲು ಸೌಂದರ್ಯಾ ಅವಳನ್ನು ಅದೇ ಆಸ್ಪತ್ರೆಯ ಎಲುಬಿನ ಡಾಕ್ಟರರ ಹತ್ತಿರ ತಾನೇ ಕರೆದೊಯ್ದಳು. ಭಾರ ಎತ್ತಬಾರದು, ಮನೆಯಲ್ಲೂ ಎತ್ತಬಾರದು ಎಂದರು ಡಾಕ್ಟರು. ಮನೆಗೆ ಯಾರೂ ಲಿಫ್ಟ್ ಮಂಜೂರು ಮಾಡುವಂತಿರಲಿಲ್ಲವಾದ್ದರಿಂದ ಕೊಡಗಳು ಬಸವಪ್ರಭುವಿನ ಪಾಲಿಗೆ ಬಂದವು. ಮೊದಲ ಸಲ ಅವನು ಓಣಿಯವರು ನೋಡಿಯಾರೆಂದು ಅಂಗಳದ ಬಾಗಿಲು ಮುಚ್ಚಿಕೊಂಡು ನೀರು ಹೊತ್ತ. ಈಗ ಬಾಗಿಲು ತೆರೆದೇ ಇರುತ್ತದೆ.

ಹೆಗಲಿಗೆ ಶಾಖ ಕೊಡುವ ಕೋಣೆಯಲ್ಲಿ ಮುರಿಗೆವ್ವನನ್ನು ಮಂಚದ ಮೇಲೆ ಮಲಗಿಸಿದರು. ಇಷ್ಟು ವರ್ಷ ಚಾದರು ಮಡಿಚಿದವಳು ಒಂದರ ಮೇಲೂ ಮಲಗಿರಲಿಲ್ಲ. ಕೆನ್ನೆಗೆ ತಾಗಿದ ಬಟ್ಟೆ ಗರಿಗರಿಯಾಗಿತ್ತು, ಬಿಸಿಲಿನ ವಾಸನೆ ಇತ್ತು. ಅಲುಗಾಡದೆ ಮಲಗಿದಳು. ಅದನ್ನು ಬಿಸಿಲಿಗೆ ಒಯ್ದ ಕೈಗಳೆಲ್ಲ ತನ್ನನ್ನು ಮೆತ್ತಗೆ ಹಿಡಿದಂತೆ ಅನಿಸಿ ಕಣ್ಣು ತುಂಬಿತು.

ಆಮೇಲೆ ಮಾಳಿಗೆಗೆ ಬಂದು, "ನೀ ಒಣಗಿಸಿದ್ದ ಚಾದರಿನ ಮ್ಯಾಲ ಮಲಗಿ ಬಂದೆ, ಅಬೀದಾ. ಭಾಳ ಹಿತ ಅನಸ್ತು," ಎಂದಳು.

ಅಬೀದಾ ಹಗ್ಗದಿಂದ ತಲೆ ಎತ್ತಲಿಲ್ಲ. "ಎಣ್ಣಿ ಹಚ್ಚಿದ ತಲಿ ಇಟ್ಟು ಮಲಗಿದ್ರೇನ್ರಿ ಅಕ್ಕಾರ? ನಾಳೆ ಮತ್ತ ಅದು ನನ್ನ ಕಡೆನ ಬರತೈತಿ ನೋಡ್ರಿ."