ಕೊಪ್ಪದ ಸರಾಸರಿ

ನಮ್ಮ ಕಡೆ ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳಬಹುದು. ಮಂಡಿನೋವು, ಅತ್ತೆಯ ಜಗಳ, ಮಗಳ ಮಾರ್ಕು ಎಲ್ಲವನ್ನೂ ಬಸ್ಸಿನಲ್ಲಿ ಪಕ್ಕ ಕುಳಿತವರು ತಾವಾಗಿ ಹೇಳುತ್ತಾರೆ. ಗಳಿಕೆ ಎಷ್ಟೆಂದು ಕೇಳಿದಿರೋ, ಕಿಟಕಿಯಾಚೆ ನೋಡತೊಡಗುತ್ತಾರೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ನನಗೆ ಇದು ತಿಳಿದಿರಬೇಕಿತ್ತು.

ಹೆಂಡತಿಯ ತಮ್ಮ ರಘು ಕೊಪ್ಪದಲ್ಲಿ ಆಟೋ ಓಡಿಸುತ್ತಾನೆ. ಅವನಿಗೆ ಹೆಣ್ಣು ಸಿಕ್ಕಿಲ್ಲ. ಶೃಂಗೇರಿಯ ಆಟೋದವರಿಗೆ ಯಾತ್ರಿಕರಿಂದ ಗಳಿಕೆ ಜಾಸ್ತಿ, ಅಲ್ಲಿಗೆ ಹೋದರೆ ಮದುವೆಯಾದೀತೆಂದು ಗಂಟುಮೂಟೆ ಕಟ್ಟಲು ಹೊರಟ. ಹೆಂಡತಿ ಮುಖ ಊದಿಸಿಕೊಂಡಳು. "ಅಷ್ಟು ವರ್ಷ ಪಾಠ ಮಾಡಿದ್ರಲ್ಲ, ಅವನಿಗೊಂದು ಲೆಕ್ಕ ಹಾಕಿ ಹೇಳಿ" ಎಂದಳು. ನನಗೂ ಅಷ್ಟೇ ಬೇಕಿತ್ತು.

ನಮ್ಮ ಶಾಸ್ತ್ರ ಬಹಳ ಸಭ್ಯವಾದದ್ದು. ಎರಡೂ ಊರಿನವರ ಸರಾಸರಿ ಗಳಿಕೆಯಲ್ಲಿ ವ್ಯತ್ಯಾಸವೇ ಇಲ್ಲವೆಂದು ಅದು ಮೊದಲು ಒಪ್ಪಿಕೊಂಡುಬಿಡುತ್ತದೆ. ಇದಕ್ಕೆ ಶೂನ್ಯ ಕಲ್ಪನೆ ಎಂದು ಹೆಸರು. ಆಮೇಲೆ ಎರಡೂ ಕಡೆ ಚೀಟಿ ಎತ್ತಿ ಕೆಲವರನ್ನು ಆರಿಸಿ ವಿಚಾರಿಸಬೇಕು. ಕಂಡ ವ್ಯತ್ಯಾಸ ಆಕಸ್ಮಿಕವಾಗಿ ಬರಬಹುದಾದಷ್ಟೇ ಇದ್ದರೆ ಸುಮ್ಮನಿರಬೇಕು. ತೀರಾ ದೊಡ್ಡದಿದ್ದರೆ ಮಾತ್ರ ಕಲ್ಪನೆಯನ್ನು ಕೈಬಿಡಬೇಕು. ನನ್ನ ಹೆಂಡತಿಯ ಶೂನ್ಯ ಕಲ್ಪನೆ, ನನಗೆ ಏನೂ ತಿಳಿಯುವುದಿಲ್ಲ ಎಂಬುದು. ಅದನ್ನು ಕೈಬಿಡುವಷ್ಟು ಪುರಾವೆ ಒದಗಿಸಲು ಇನ್ನೂ ಆಗಿಲ್ಲ.

ಒಂದು ಮದುವೆಯ ಊಟ ಮುಗಿಸಿ, ಜರಿಪಂಚೆ ಶಲ್ಯದಲ್ಲೇ ಕೊಪ್ಪದ ಆಟೋ ಸ್ಟ್ಯಾಂಡಿಗೆ ಹೋದೆ. ಕೇಳಿದ್ದೇ ತಡ, ಹುಡುಗರು ಎದೆಯುಬ್ಬಿಸಿ ಗಳಿಕೆ ಹೇಳಿದರು. ಒಬ್ಬ ಕಾಫಿಯನ್ನೂ ಕುಡಿಸಿದ. ಮರುದಿನ ಹೆಗಲಿಗೆ ಬಟ್ಟೆಚೀಲ ಹಾಕಿ, ಪ್ಯಾಡು ಹಿಡಿದು ಶೃಂಗೇರಿಗೆ ಹೋದೆ. "ಎಂತ ಗಳಿಕೆ ಸರ್, ಪೆಟ್ರೋಲಿಗೇ ಸಾಲುದಿಲ್ಲ" ಎಂದು ಎಲ್ಲರೂ ಮುಖ ಸಣ್ಣ ಮಾಡಿದರು.

ಲೆಕ್ಕ ಹಾಕಿದರೆ ಕೊಪ್ಪವೇ ಬಹಳ ಮುಂದೆ. ಆಕಸ್ಮಿಕವೆನ್ನಲು ಸಾಧ್ಯವೇ ಇಲ್ಲದಷ್ಟು ವ್ಯತ್ಯಾಸ. ಶೂನ್ಯ ಕಲ್ಪನೆಯನ್ನು ಕೈಬಿಟ್ಟೆ, ರಘು ಶೃಂಗೇರಿಯನ್ನು ಕೈಬಿಟ್ಟ. ಹೆಂಡತಿ ಕೇಸರಿಬಾತು ಮಾಡಿದಳು.

ಕೆಲವು ದಿನಗಳಾದ ಮೇಲೆ, ಕಾಫಿ ಕುಡಿಸಿದ್ದ ಹುಡುಗ ತಲೆ ಬಾಚಿಕೊಂಡು ಮನೆಗೇ ಬಂದ. "ಸರ್, ಹೆಣ್ಣಿನ ಕಡೆಯವರು ಎಂತ ಹೇಳಿದ್ರು?"

ಜರಿಪಂಚೆಯುಟ್ಟ ಹಿರಿಯನೊಬ್ಬ ಹುಡುಗರ ಗಳಿಕೆ ವಿಚಾರಿಸಿದರೆ ನಮ್ಮಲ್ಲಿ ಅದು ಸಂಬಂಧದ ಪ್ರಸ್ತಾಪವೇ. ಚೀಲ ಪ್ಯಾಡು ಹಿಡಿದು ವಿಚಾರಿಸಿದರೆ ಚಂದಾ ವಸೂಲಿ. ನಾನು ಪರೀಕ್ಷಿಸಿದ್ದು ಎರಡು ಊರುಗಳ ಗಳಿಕೆಯನ್ನಲ್ಲ, ನನ್ನ ಎರಡು ವೇಷಗಳನ್ನು.

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ರಘು ನಗಲಿಲ್ಲ. "ಅವತ್ತು ಸ್ಟ್ಯಾಂಡಿನಲ್ಲಿ ನಾನೂ ಇದ್ದೆ ಭಾವ. ಅಷ್ಟು ಜನರನ್ನ ಕೇಳಿದ್ರಿ, ನನ್ನನ್ನ ಮಾತ್ರ ಕೇಳ್ಲೇ ಇಲ್ಲ."

ಮನೆಯವರನ್ನು ಸೇರಿಸಿದರೆ ಪಕ್ಷಪಾತವಾಗುತ್ತದೆಂದು ಅವನ ಚೀಟಿಯನ್ನು ನಾನು ಹಾಕಿಯೇ ಇರಲಿಲ್ಲ. ಶಾಸ್ತ್ರದ ಪ್ರಕಾರ ಅದು ಸರಿ. ಆದರೂ ಜರಿಪಂಚೆಯನ್ನು ಇಸ್ತ್ರಿಗೆ ಕೊಟ್ಟೆ.

ಮುಂದಿನ ಭಾನುವಾರ ಅದೇ ಜರಿಪಂಚೆ ಉಟ್ಟು, ರಘುವನ್ನು ಕರೆದುಕೊಂಡು ನರಸಿಂಹರಾಜಪುರದ ಒಂದು ಮನೆಗೆ ನಿಜವಾಗಿಯೂ ಹೆಣ್ಣು ಕೇಳಲು ಹೋದೆ. ಹುಡುಗಿ ಬಾಗಿಲ ಮರೆಯಿಂದ ಇಣುಕಿದಳು, ರಘು ಲೋಟ ನೋಡುತ್ತ ಕುಳಿತ. ಹುಡುಗಿಯ ತಂದೆ ಕಾಫಿ ಮುಗಿಸಿ ನಿಧಾನವಾಗಿ ಕೇಳಿದರು: "ಹುಡುಗನ ಗಳಿಕೆ ಹೇಗೆ?"

ನಾನು ಒಂದು ಕ್ಷಣ ಕಿಟಕಿಯಾಚೆ ನೋಡಿದೆ. ಆಮೇಲೆ, ಶಾಸ್ತ್ರೋಕ್ತವಾಗಿ ಕಂಡುಹಿಡಿದಿದ್ದ ಕೊಪ್ಪದ ಸರಾಸರಿಯನ್ನೇ ಹೇಳಿದೆ.