ಚಾಸಿ ತೋರಿಸಲು ನಾಲ್ಕು ತಾಲ್ಲೂಕು

ಮಾಸ್ತಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ತರಕಾರಿ ಬೆಳೆಯುವವರಿಗೆಲ್ಲ ಒಂದಲ್ಲ ಒಂದು ಗಾಡಿ ಇದೆ. ನಮ್ಮದು ಹಳೆಯ ಪಿಕಪ್. ನನ್ನ ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದರು. ಅಂದಿನಿಂದ ಅದರ ಪಾಡು ಒಂದೇ: ಹೋಗುವಾಗ ತೊಳೆದ ಮೂಲಂಗಿಯನ್ನು ನೀರು ಸೋರುತ್ತಿರುವಾಗಲೇ ತುಂಬುವುದು, ಬರುವಾಗ ಕೋಳಿ ಗೊಬ್ಬರ ಹೇರಿಕೊಂಡು ಬರುವುದು, ಆಮೇಲೆ ಒಂದು ಬಕೆಟ್ ನೀರೂ ಎರಚದೆ ಹುಣಸೆಮರದ ಕೆಳಗೆ ನಿಲ್ಲಿಸುವುದು. ಕೋಳಿ ಗೊಬ್ಬರ ಕಬ್ಬಿಣವನ್ನು ತಿಂದುಬಿಡುತ್ತದೆ ಎಂದು ನಾನು ಹೇಳಿದಾಗಲೆಲ್ಲ, "ಕಬ್ಬಿಣ ಏನು ಕಡ್ಲೇಕಾಯಾ, ತಿನ್ನೋಕೆ?" ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ತುಂಬಿಕೊಂಡು ಹೊರಟಿದ್ದೆವು. ಹಂಪ್ ಬಂದಾಗಲೆಲ್ಲ ಬೆನ್ನ ಹಿಂದೆ ಕರಕರ ಸದ್ದು. ಕ್ರೇಟುಗಳು ಅಲ್ಲಾಡುತ್ತಿವೆ ಎಂದರು ಅವರು. ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ನಾನು ಇಳಿದು ನೋಡಿದೆ. ಕ್ಯಾಬಿನ್ನಿಗೂ ಹಿಂದಿನ ಡಬ್ಬಿಗೂ ನಡುವೆ ಮೊದಲು ಅಂಗೈ ತೂರುವಷ್ಟು ಸಂದು ಇರುತ್ತಿತ್ತು. ಈಗ ಮೇಲ್ಗಡೆ ಬೆರಳೂ ಹೋಗುತ್ತಿರಲಿಲ್ಲ, ಎರಡೂ ಒಂದಕ್ಕೊಂದು ಉಜ್ಜಿ ಬಣ್ಣ ಕಿತ್ತುಹೋಗಿತ್ತು. ಕೆಳಗೆ ಬಗ್ಗಿ ನೋಡಿದರೆ, ಇಡೀ ಗಾಡಿಯನ್ನು ಹೊರುವ ಉದ್ದನೆಯ ಚಾಸಿ ನಡುವೆ ಕುಸಿದು, ಒಣಗಿದ ಮರದ ತೊಗಟೆಯ ಹಾಗೆ ಪದರ ಪದರವಾಗಿ ಎದ್ದುಬಂದಿತ್ತು.

ಅವರೂ ಬಗ್ಗಿದರು. "ಒಸಿ ತುಕ್ಕು ಹಿಡಿದಿದೆ, ಅಷ್ಟೇ" ಎಂದು ಹೆಬ್ಬೆರಳಿನಿಂದ ಒತ್ತಿದರು. ಬಿಸ್ಕತ್ತಿನಷ್ಟು ಗಾತ್ರದ ಚೂರು ಕೈಗೇ ಬಂತು. ಅದನ್ನು ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಅದನ್ಯಾಕ್ರೀ ಜೇಬಿಗೆ ಹಾಕ್ಕೊಂಡ್ರಿ?"

"ಯಾರಿಗಾದ್ರೂ ತೋರಿಸ್ಬೇಕಲ್ಲ."

ಅಲ್ಲಿಂದ ಶುರುವಾಯಿತು ತೋರಿಸುವ ಕೆಲಸ. ಗಾಡಿಯನ್ನು ಓಡಿಸಬಹುದೋ ಇಲ್ಲವೋ ಎಂದು ಕೇಳುವುದಕ್ಕೆ ಅದೇ ಗಾಡಿಯನ್ನು ಓಡಿಸಿಕೊಂಡು ಊರೂರು ತಿರುಗಿದರು. ಮಾಲೂರಿನ ಮೆಕ್ಯಾನಿಕ್, ಬೇರೆ ಚಾಸಿ ಹುಡುಕಿ ಹಾಕಬೇಕು, ಚಾಸಿ ನಂಬರ್ ಬದಲಾಗುವುದರಿಂದ ಆರ್‌ಟಿಒ ಆಫೀಸಿಗೂ ಅಲೆಯಬೇಕು ಎಂದ. ಇವರಿಗೆ ಅದು ಹಿಡಿಸಲಿಲ್ಲ. ಕೋಲಾರದಲ್ಲಿ ಒಬ್ಬ, ಗುಜರಿಗೆ ತೂಕಕ್ಕೆ ಹಾಕಿಬಿಡಿ ಎಂದನಂತೆ. ಆವತ್ತು ಮನೆಗೆ ಬಂದು ಊಟ ಮಾಡುವಾಗಲೂ ಮುಖ ಊದಿಸಿಕೊಂಡೇ ಇದ್ದರು. ಶ್ರೀನಿವಾಸಪುರದಲ್ಲಿರುವ ನಾದಿನಿಯ ಗಂಡ ಮಾತ್ರ, ಟಾರು ಬಳಿದರೆ ಇನ್ನೂ ಹತ್ತು ವರ್ಷ ಬರುತ್ತದೆ ಎಂದರಂತೆ. ಅಲ್ಲಿಂದ ಗೆಲುವಾಗಿ ಬಂದರು.

"ಅವ್ರು ಯಾವತ್ತಾದ್ರೂ ಗಾಡಿ ಕೆಳಗೆ ಬಗ್ಗಿ ನೋಡಿದ್ದಾರಾ?" ಎಂದು ಕೇಳಿದೆ.

"ಅವ್ರಿಗೆ ಅನುಭವ ಇದೆ ಕಣೇ."

"ಯಾವುದ್ರಲ್ಲಿ?"

ಸ್ವಲ್ಪ ಯೋಚಿಸಿ, "ಮಾವಿನ ತೋಟದಲ್ಲಿ" ಎಂದರು.

ನಮ್ಮತ್ತೆಯದು ಇನ್ನೊಂದು ರಾಗ. ಆ ಗಾಡಿ ಮನೆಗೆ ಬಂದ ಮೇಲೆಯೇ ಬೋರ್‌ವೆಲ್ಲಿನಲ್ಲಿ ನೀರು ಬಿದ್ದದ್ದು, ಅದನ್ನು ಆಚೆ ಕಳಿಸಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎನ್ನುತ್ತಿದ್ದರು. ಅತ್ತೆ ಮಾತ್ರ ಅದನ್ನು ಹತ್ತುವುದಿಲ್ಲ, ಹತ್ತಿದರೆ ವಾಂತಿ ಬರುತ್ತದೆ. ಎಲ್ಲಿಗೆ ಹೋಗುವುದಿದ್ದರೂ ಬಸ್ಸೇ.

ಇಷ್ಟರ ಮಧ್ಯೆ ಲೋಡು ನಿಲ್ಲಲಿಲ್ಲ. ರಿಪೇರಿ ಮಾಡಿಸಿ, ಇಲ್ಲ ಗಾಡಿಯನ್ನೇ ಬಿಟ್ಟುಬಿಡಿ, ಎರಡರಲ್ಲಿ ಒಂದು ಹೇಳಿ ಎಂದು ಇವರ ಮುಂದೆ ಬಡಿದುಕೊಂಡೆ. ಇನ್ನೊಬ್ಬರನ್ನು ಕೇಳಬೇಕು ಎಂದರು. ಮುಳಬಾಗಿಲಿನಿಂದ ತಾಯಲೂರಿಗೆ ಹೋಗುವ ರಸ್ತೆಯಲ್ಲಿ ಯಾರೋ ಒಳ್ಳೆಯ ವೆಲ್ಡರ್ ಇದ್ದಾನಂತೆ. ಈ ಸಲ ನನ್ನ ಕಿವಿಯಿಂದಲೇ ಕೇಳುತ್ತೇನೆ ಎಂದು ನಾನೂ ಹೊರಟೆ. ದಾರಿಯುದ್ದಕ್ಕೂ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದೆ. ಹಿಡಿದುಕೊಂಡರೆ ಗಾಡಿ ಮುರಿಯುವುದಿಲ್ಲವೇ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ವೆಲ್ಡರ್ ನಡುವಯಸ್ಸಿನವನು, ಅರ್ಧ ತೆಲುಗಿನಲ್ಲೇ ಮಾತು. ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ಬಡಿಯುತ್ತ ಹೋದ. ಬಲಗಡೆ ಠಣ್ ಎನ್ನುತ್ತಿತ್ತು. ಎಡಗಡೆ, ಕ್ಯಾಬಿನ್ನಿನ ಹಿಂದೆ, ಸದ್ದೇ ಬರಲಿಲ್ಲ. ಸುತ್ತಿಗೆ ಒಳಗೆ ಹೋಯಿತು.

"ಇದು ಇನುಮು ಅಲ್ಲಣ್ಣಾ, ಹಪ್ಪಳ" ಎಂದ. ಇನುಮು ಎಂದರೆ ಕಬ್ಬಿಣ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಡಬ್ಬಿ ಇಳಿಸಿ, ಕೊಳೆತಿರುವುದನ್ನು ಕತ್ತರಿಸಿ, ಎರಡೂ ಕಡೆ ದಪ್ಪ ಪ್ಲೇಟು ಹಾಕಿ ಬೆಸೆಯಬಹುದು, ಆದರೆ ಗ್ಯಾರಂಟಿ ಕೇಳಬೇಡಿ ಎಂದ. ಇವರು ಗಡ್ಡ ಕೆರೆಯುತ್ತ, "ನೀವಾಗಿದ್ರೆ ಏನ್ಮಾಡ್ತಿದ್ರಿ?" ಎಂದರು.

"ಗಾಡಿ ನಿಮ್ದು. ನಾನೇನ್ ಹೇಳ್ಲಿ?"

ನಾನು ಮಧ್ಯೆ ಬಾಯಿ ಹಾಕಿದೆ. "ಬೆಸೆದ ಮೇಲೆ ಇದ್ರಲ್ಲಿ ನಿಮ್ಮನೆಯವ್ರನ್ನ ಕೂರಿಸ್ತೀರಾ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಮೂಲಂಗಿ ಹಾಕ್ತೀನಕ್ಕಾ. ಮನುಷ್ಯರನ್ನ ಕೂರ್ಸಲ್ಲ."

"ಹಂಗಾದ್ರೆ ನಾನು ಮನುಷ್ಯ ಅಲ್ವಾ?" ಎಂದರು ಇವರು.

"ಓಡ್ಸೋಕೆ ಒಬ್ರು ಬೇಕಲ್ಲಣ್ಣಾ" ಎಂದ ಅವನು, ಸಮಾಧಾನವಾಗಿ.

ಇವರು ನಕ್ಕರು, ಅವನೂ ನಕ್ಕ. ನನಗೆ ಎಲ್ಲಿತ್ತೋ ಸಿಟ್ಟು. "ಇಲ್ಲೇ ಬಿಟ್ಟು ಮಾಡಿಸಿ, ಇಲ್ಲಾಂದ್ರೆ ಇಲ್ಲಿಂದಲೇ ಗುಜರಿಗೆ ಕಳ್ಸಿ. ನಾನಂತೂ ಇದ್ರಲ್ಲಿ ವಾಪಸ್ ಬರಲ್ಲ" ಎಂದು ಬ್ಯಾಗು ತೆಗೆದುಕೊಂಡು ರಸ್ತೆಗೆ ಬಂದುಬಿಟ್ಟೆ. ಸಿಕ್ಕಿದ ಆಟೋ ಹತ್ತಿ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಆ ರಸ್ತೆಯಲ್ಲಿ ಇವರೊಬ್ಬರೇ ಆ ಗಾಡಿಯಲ್ಲಿ ಬರುತ್ತಾರೇನೋ ಎಂದು ಹಾದುಹೋಗುವ ಪ್ರತಿ ಪಿಕಪ್ಪನ್ನೂ ನೋಡುತ್ತಿದ್ದೆ.

ಎರಡು ಬಸ್ಸು ಹೋಗಲು ಬಿಟ್ಟೆ. ಮೂರನೆಯದನ್ನು ಹತ್ತಿ ಕೂರುವ ಹೊತ್ತಿಗೆ ಇವರು ಬಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ಕ್ಯಾಬಿನ್ನಿನ ಟವೆಲ್ಲು, ನೀರಿನ ಬಾಟಲಿ. ಕೋಲಾರ ಬರುವವರೆಗೂ ಟವೆಲ್ಲನ್ನು ಮಡಚುತ್ತ, ಬಿಚ್ಚುತ್ತ ಇದ್ದರು. ಆಮೇಲೆ, "ಬಿಟ್ಟು ಬಂದೆ" ಎಂದರು.

"ಯಾವುದಕ್ಕೆ?"

"ರಿಪೇರಿಗೆ."

ಗಾಡಿ ಕಪ್ಪು ಬಣ್ಣ ಬಳಿದುಕೊಂಡು ವಾಪಸ್ ಬಂತು. ಕರಕರ ಸದ್ದು ಹೋಗಿದೆ. ಪೂರ್ತಿ ಲೋಡು ಹಾಕಬಾರದೆಂದು ವೆಲ್ಡರ್ ಹೇಳಿರುವುದರಿಂದ ಒಂದು ಸಲದ ಕೆಲಸಕ್ಕೆ ಎರಡು ಸಲ ಓಡಾಟ. ಬೇರೆ ಗಾಡಿಯನ್ನೇ ತೆಗೆದುಕೊಳ್ಳಬೇಕಿತ್ತೇನೋ ಎಂದು ನನಗೆ ಈಗಲೂ ಅನಿಸುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಮತ್ತೆ ಎಲ್ಲರನ್ನೂ ಕೇಳಲು ಹೊರಟಾರು ಎಂದು ಸುಮ್ಮನಿದ್ದೇನೆ.

ನಾನಂತೂ ಅದರಲ್ಲಿ ಕೂರುವುದಿಲ್ಲ. ಮೂಲಂಗಿಯ ಜೊತೆ ಇವರು ಪಿಕಪ್ಪಿನಲ್ಲಿ ಮುಂದೆ, ನಾನು ಮಾಲೂರಿನ ಬಸ್ಸಿನಲ್ಲಿ ಹಿಂದೆ. ಗಂಡ ಹೆಂಡತಿಗೆ ಮಾತು ಬಿಟ್ಟುಹೋಗಿದೆಯಾ ಎಂದು ಊರಲ್ಲಿ ಇಬ್ಬರು ಮೂವರು ಕೇಳಿದ್ದಾರೆ. ಬಸ್ಸಿಗೆ ಕಾಯುತ್ತ ನಿಂತಿದ್ದರೆ ಇವರು ಹಾರ್ನ್ ಹೊಡೆದುಕೊಂಡು ಮುಂದೆಯೇ ಹಾದುಹೋಗುತ್ತಾರೆ. ಚೌಕಾಸಿ ಇವರಿಗೆ ಬರುವುದಿಲ್ಲ, ನಾನು ಬರುವವರೆಗೆ ಕಾಯಿರಿ ಎಂದರೆ ಕೇಳುವುದಿಲ್ಲ. ನಾನು ಬಸ್ಸಿಳಿದು ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಮೂಲಂಗಿಯನ್ನು ಯಾರಿಗೋ ಅಗ್ಗಕ್ಕೆ ಕೊಟ್ಟು ಟೀ ಕುಡಿಯುತ್ತ ನಿಂತಿರುತ್ತಾರೆ.