ತಪ್ಪನ್ನು ಮೊದಲು ಹೇಳುವ ಗಂಗಕ್ಕ

ಗಂಗಕ್ಕ ತಾಟು ಮುಂದಿಡುವ ಮೊದಲೇ ಅಂದಿನ ಅಡುಗೆಯ ತಪ್ಪನ್ನು ಒಪ್ಪಿಕೊಂಡುಬಿಡುತ್ತಿದ್ದರು. “ಇವತ್ತ ಬದನಿಕಾಯಿಗೆ ಉಪ್ಪು ಚೂರು ಜಾಸ್ತಿ ಆಗೇತ್ರಿ, ಮೊಸರು ಹಚ್ಕೊಂಡು ಉಣ್ರಿ. ನಿನ್ನಿ ರೊಟ್ಟಿ ದಪ್ಪ ಆಗಿದ್ದವು, ಇವತ್ತ ತೆಳ್ಳಗ ಬಡದೇನಿ.” ಶಿಗ್ಗಾಂವಿ ಬಸ್ ನಿಲ್ದಾಣದ ಹಿಂದಿದ್ದ ಅವರ ಖಾನಾವಳಿಯಲ್ಲಿ ಇದನ್ನು ಕೇಳಿ ಎದ್ದು ಹೋದವರನ್ನು ನಾನು ಕಂಡಿಲ್ಲ. ಉಣ್ಣುವವರು ಮೊಸರನ್ನು ಮಾತ್ರ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ಖಾನಾವಳಿಯ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕಚೇರಿ. ಹೊಲದ ಪಂಪ್‌ಸೆಟ್ಟಿಗೆ ಕರೆಂಟ್ ಬಂದಿದೆಯೋ ಇಲ್ಲವೋ ಎಂದು ರೈತರು ಮನೆಯಲ್ಲೇ ಕೂತು ನೋಡುವ ಆ್ಯಪ್ ನಮ್ಮದು. ಹೊಸ ಆವೃತ್ತಿ ಬಂದಾಗಲೆಲ್ಲ ಅವರಿಗೆ ಪ್ರಕಟಣೆ ಬರೆಯುವುದು ನನ್ನ ಕೆಲಸ. ಒಮ್ಮೆ ಒಂದು ದೋಷ ಸಿಕ್ಕಿತು: ಕರೆಂಟ್ ಬಂದ ಮೇಲೂ ಆ್ಯಪ್ ಕೆಲವೊಮ್ಮೆ ‘ಇಲ್ಲ’ ಎಂದೇ ತೋರಿಸುತ್ತಿತ್ತು. ಸರಿಪಡಿಸಿದೆವು. ಆದರೆ ಒಪ್ಪಿಕೊಂಡರೆ ಜನ ಆ್ಯಪನ್ನೇ ಬಿಟ್ಟಾರೆಂದು ಹೆದರಿ ನಾನು ಬರೆದದ್ದು ಇಷ್ಟೇ: “ಹೊಸ ಬಣ್ಣ, ಹೊಸ ನೋಟ. ಕೆಲವು ದೋಷಗಳನ್ನು ನಿವಾರಿಸಲಾಗಿದೆ.” ಹೆಚ್ಚಿನವರು ಹೊಸ ಆವೃತ್ತಿಯನ್ನು ಹಾಕಿಕೊಳ್ಳಲಿಲ್ಲ.

ವಾರದ ನಂತರ, ನಮ್ಮ ಆ್ಯಪ್ ಬಳಸುವ ತಡಸದ ರೈತ ಬಸಣ್ಣ ಊಟಕ್ಕೆ ಬಂದರು. ಬೆಳಿಗ್ಗೆ ಆ್ಯಪಿನ ‘ಇಲ್ಲ’ವನ್ನು ನಂಬಿ, ರಿಪೇರಿಗೆಂದು ಪಂಪಿನ ಸ್ಟಾರ್ಟರ್ ಡಬ್ಬಿ ಬಿಚ್ಚಿದ್ದರಂತೆ. ರೂಢಿಯಿಂದ ಮೊದಲು ಟೆಸ್ಟರ್ ಹಚ್ಚಿದರು. ಅದರ ದೀಪ ಹೊತ್ತಿತು, ಕರೆಂಟ್ ಇತ್ತು. ಪ್ರಕಟಣೆ ನೋಡಲಿಲ್ಲವೇ ಎಂದು ಕೇಳಿದೆ. ಬಣ್ಣದ ಸುದ್ದಿ ಅಂತ ಬಿಟ್ಟೆ ಎಂದರು.

ಗಂಗಕ್ಕ ಬಸಣ್ಣನ ಫೋನು ಇಸಿದುಕೊಂಡು ಪ್ರಕಟಣೆಯನ್ನು ನಿಧಾನವಾಗಿ ಓದಿದರು. ನನ್ನತ್ತ ತಿರುಗಿದರು. “ತಮ್ಮಾ, ಸಾರು ಹಳಸೇತಿ ಅಂತ ಹೇಳೂದು ಬಿಟ್ಟು, ತಾಟಿಗೆ ಹೂವಿನ ಚಿತ್ರ ಐತಿ ಅಂತ ಹೇಳೀಯಲ್ಲೋ.”

ಆಮೇಲೆ ರೊಟ್ಟಿ ಬಡಿಯುತ್ತಲೇ ಅವರು ಹೊಸ ಪ್ರಕಟಣೆ ಹೇಳಿದರು, ನಾನು ಬರೆದುಕೊಂಡೆ: “ಕರೆಂಟ್ ಬಂದಿದ್ರೂ ನಮ್ಮ ಆ್ಯಪ್ ಇಲ್ಲ ಅಂತ ತೋರಸ್ತಿತ್ತು. ತಪ್ಪು ನಮ್ದು. ತಡಸದ ಬಸಣ್ಣ ಟೆಸ್ಟರ್ ಹಚ್ಚಿದ್ದಕ್ಕ ಉಳದಾರ. ಈಗ ಸರಿ ಮಾಡೇವಿ, ಹೊಸದು ಹಾಕ್ಕೊಳ್ರಿ. ಹಾಕ್ಕೊಂಡ ಮ್ಯಾಲೂ ಟೆಸ್ಟರ್ ಹಚ್ಚೇ ಕೈ ಹಾಕ್ರಿ.”

ಹೆಸರು ಹಾಕಲು ಬಸಣ್ಣನ ಒಪ್ಪಿಗೆ ಕೇಳಿದೆ. “ಹಾಕ್ರಿ. ಆದ್ರ ಮುಂದ ಶ್ರೀ ಇರಲಿ,” ಎಂದರು. ಶ್ರೀ ಸೇರಿಸಿ ಎಲ್ಲರಿಗೂ ಕಳಿಸಿದೆ.

ಸಂಜೆಯೊಳಗೆ ಸವಣೂರು, ಹಾನಗಲ್ಲಿನಿಂದ ಫೋನುಗಳು ಬಂದವು. ಇಬ್ಬರು ಮೂವರು ಚೆನ್ನಾಗಿ ಬೈದರು. ಬೈದು ಮುಗಿಸಿ, ಹೊಸದನ್ನು ಹಾಕಿಕೊಳ್ಳುವುದು ಹೇಗೆಂದು ಕೇಳಿದರು. ಮುಂದೆ ಶ್ರೀ ಬಸಣ್ಣನವರನ್ನು ಹಾನಗಲ್ಲಿನ ಚಹಾದಂಗಡಿಯಲ್ಲಿ ಜನ ಗುರುತು ಹಿಡಿದು, ಟೆಸ್ಟರ್ ತೋರಿಸಿ ಎಂದರಂತೆ.

ಹೋದ ವರ್ಷ ಮೊಣಕಾಲು ನೋವೆಂದು ಗಂಗಕ್ಕ ಖಾನಾವಳಿ ಮುಚ್ಚಿ ಹಿರೇಕೆರೂರಿನ ಮಗಳ ಮನೆಗೆ ಹೊರಟರು. ಬಸ್ ಹತ್ತಿಸಲು ಹೋದೆ. ಕಿಟಕಿಯ ಬಳಿ ಕೂತು, ಈಗ ಆ್ಯಪಿನಲ್ಲಿ ಏನು ಕೆಟ್ಟಿದೆ ಎಂದು ಕೇಳಿದರು. ಬೆಳಿಗ್ಗೆಯಷ್ಟೇ ಒಂದು ದೋಷ ಸಿಕ್ಕಿದೆ ಎಂದೆ.

“ಎಲ್ಲಾರಿಗೂ ಹೇಳೀಯೇನು?”

ನಿಮ್ಮ ಬಸ್ಸು ಬಿಡಲಿ, ಹೋಗಿ ಹೇಳುತ್ತೇನೆ ಎಂದೆ. ಅವರು ಕಿಟಕಿಯಿಂದ ಕೈ ಚಾಚಿ ನನ್ನ ಭುಜ ನೂಕಿದರು.

“ಬಸ್ ತಾನ ಹೋಗ್ತೈತಿ. ನೀ ಹೋಗು.”

ನಾನು ಕಚೇರಿಯ ಮೆಟ್ಟಿಲು ಹತ್ತುವಾಗ ಬಸ್ಸು ಹೊರಟ ಸದ್ದು ಕೇಳಿತು.